ಕ್ವೇಕರ್ ಸಭೆಗಳ ತ್ರೈಮಾಸಿಕ ಕೂಟ: ಆತಿಥ್ಯ ವಹಿಸಿಕೊಂಡವರಿಗೆ ಕೈಪಿಡಿ

ಅಮೆರಿಕದ ಇಂಡಿಯಾನಾ ರಾಜ್ಯದ ಪೂರ್ವ ಅಂಚಿನಲ್ಲಿ, ರಿಚ್ಮಂಡ್ ಊರಿನ ಸುತ್ತಮುತ್ತ, ಫ್ರೆಂಡ್ಸ್ ಎಂದೂ ಕರೆಸಿಕೊಳ್ಳುವ ಕ್ರೈಸ್ತ ಪಂಗಡದವರಾದ ಕ್ವೇಕರರು ನೆಲೆಸಿ ಎರಡು ಶತಮಾನ ದಾಟಿತು. ಫ್ರೆಂಡ್ಸ್ ಚರ್ಚ್ ಎಂಬ ಫಲಕ ಹಾಕಿಕೊಂಡ ಇವರ ಸಭೆಗಳಲ್ಲಿ ಹೆಚ್ಚಿನವು ಚಿಕ್ಕವು. ಒಂದೇ ಸಭೆಯಿಂದ ಮಕ್ಕಳ ಶಿಬಿರ ನಡೆಸಲು ಜನ ಸಾಲುವುದಿಲ್ಲ, ಒಂದು ದೊಡ್ಡ ಸೇವಾಕಾರ್ಯಕ್ಕೆ ಕೈ ಸಾಲುವುದಿಲ್ಲ. ಆದ್ದರಿಂದ ಅಕ್ಕಪಕ್ಕದ ಸಭೆಗಳು ಕೂಡಿ ಮಾಡುವ ಕೆಲಸಗಳೇ ಇಲ್ಲಿ ಜೀವಾಳ.

ವ್ಯವಸ್ಥೆ ಸರಳವಾಗಿದೆ. ಒಂದು ಊರಿನ ಸಭೆ ತಿಂಗಳಿಗೊಮ್ಮೆ ಕೂತು ತನ್ನ ಆಡಳಿತ ನೋಡಿಕೊಳ್ಳುತ್ತದೆ, ಅದು ಮಂತ್ಲಿ ಮೀಟಿಂಗ್. ಅಂಥ ಕೆಲವು ಸಭೆಗಳು ಮೂರು ತಿಂಗಳಿಗೊಮ್ಮೆ ಒಂದೆಡೆ ಸೇರುವುದು ಕ್ವಾರ್ಟರ್ಲಿ ಮೀಟಿಂಗ್. ಇಡೀ ಪ್ರಾಂತ್ಯದವರು ವರ್ಷಕ್ಕೊಮ್ಮೆ ಕೂಡುವುದು ಇಯರ್ಲಿ ಮೀಟಿಂಗ್. ಇಂಡಿಯಾನಾ ಇಯರ್ಲಿ ಮೀಟಿಂಗ್ 1821ರಲ್ಲಿ ರಿಚ್ಮಂಡ್‌ನಲ್ಲಿ ಶುರುವಾಯಿತು. ಜನ ಪಶ್ಚಿಮಕ್ಕೆ ಹರಡಿದ ಮೇಲೆ 1858ರಲ್ಲಿ ಪ್ಲೇನ್‌ಫೀಲ್ಡ್‌ನಲ್ಲಿ ವೆಸ್ಟರ್ನ್ ಇಯರ್ಲಿ ಮೀಟಿಂಗ್ ಆಯಿತು. ಕೆಲವು ಕಡೆ ಈಗ ವರ್ಷಕ್ಕೆ ನಾಲ್ಕರ ಬದಲು ಎರಡೇ ಕೂಟ ನಡೆಯುತ್ತವೆ. ಎರಡಿರಲಿ ನಾಲ್ಕಿರಲಿ, ಆತಿಥೇಯ ಸಭೆಯ ಕೆಲಸ ಒಂದೇ.

ಇಂಡಿಯಾನಾಪೊಲಿಸ್ ಕಡೆ ನೆಲೆಸಿ ನೆರೆಯ ಫ್ರೆಂಡ್ಸ್ ಚರ್ಚಿಗೆ ಹೋಗಿ ಬರುವ ಕನ್ನಡ ಕುಟುಂಬದವರನ್ನು ಯಾವತ್ತೋ ಒಂದು ದಿನ "ಈ ಸಲ ತಯಾರಿ ಸಮಿತಿಗೆ ಸೇರಿಕೊಳ್ಳಿ" ಎಂದು ಕೇಳುವುದುಂಟು. ಕೇಳಿದರೆ ಒಪ್ಪಿಕೊಳ್ಳಿ. ಕೆಲಸ ಕಷ್ಟದ್ದಲ್ಲ, ಆದರೆ ಆರು ವಾರ ಮೊದಲೇ ಹಿಡಿಯಬೇಕು. ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ: ಇಂಥ ಕೂಟ ಕೆಡುವುದೆಲ್ಲ ಒಂದೇ ದಿನಕ್ಕೆ ವಿಪರೀತ ತುಂಬಿದ್ದರಿಂದ. ಮೌನಕ್ಕೆ, ಮಾತಿಗೆ, ಊಟಕ್ಕೆ ಬೇಕಾದಷ್ಟು ಹೊತ್ತು ಬಿಟ್ಟರೆ ಉಳಿದದ್ದು ತಾನಾಗಿ ಕೂಡಿಬರುತ್ತದೆ.

ದಿನ ಗೊತ್ತುಮಾಡುವುದು

ಶನಿವಾರ ಅನುಕೂಲ. ಭಾನುವಾರ ಇಟ್ಟರೆ ಆಯಾ ಊರಿನ ಆರಾಧನೆ ಬಿಟ್ಟು ಬರಬೇಕಾಗುತ್ತದೆ, ಪಾಸ್ಟರುಗಳಿಗೆ ಇದು ಆಗದ ಮಾತು. ಯಾವ ಶನಿವಾರ ಎನ್ನುವಾಗ ಹೊಲದ ಕೆಲಸ ನೋಡಿಕೊಳ್ಳಿ. ಮೆಕ್ಕೆಜೋಳ, ಸೋಯಾ ಬಿತ್ತನೆ ಏಪ್ರಿಲ್ ಕೊನೆಯಿಂದ ಮೇ ತಿಂಗಳ ಉದ್ದಕ್ಕೂ ನಡೆಯುತ್ತದೆ, ಕೊಯ್ಲು ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ. ಆ ದಿನಗಳಲ್ಲಿ ಬಿಸಿಲು ಬಿದ್ದ ಶನಿವಾರ ಯಾವ ರೈತನೂ ಟ್ರ್ಯಾಕ್ಟರ್ ಬಿಟ್ಟು ಬರುವುದಿಲ್ಲ. ಬೇಸಿಗೆಯಲ್ಲಿ ಕೌಂಟಿ (ಜಿಲ್ಲೆ) ಜಾತ್ರೆ ಮತ್ತು ಇಯರ್ಲಿ ಮೀಟಿಂಗ್‌ನ ಅಧಿವೇಶನ ಅಡ್ಡ ಬರುತ್ತವೆ. ಚಳಿಗಾಲದಲ್ಲಿ ಹೈಸ್ಕೂಲ್ ಬಾಸ್ಕೆಟ್‌ಬಾಲ್. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಇಂಡಿಯಾನಾದಲ್ಲಿ ಊರಿಗೆ ಊರೇ ಆಟ ನೋಡಲು ಹೋಗುತ್ತದೆ. ಶಾಲೆಯ ವೇಳಾಪಟ್ಟಿ ತರಿಸಿಕೊಂಡೇ ದಿನ ಹೇಳಿ.

ಗಂಟೆಯ ಲೆಕ್ಕದಲ್ಲೂ ಎಡವುವವರಿದ್ದಾರೆ. ರಾಜ್ಯದ ಬಹುಭಾಗ ಈಸ್ಟರ್ನ್ ಸಮಯದಲ್ಲಿದೆ, ವಾಯವ್ಯ ಮತ್ತು ನೈರುತ್ಯ ಮೂಲೆಗಳು ಒಂದು ಗಂಟೆ ಹಿಂದಿರುವ ಸೆಂಟ್ರಲ್ ಸಮಯದಲ್ಲಿವೆ. ಇಲಿನಾಯ್ ಕಡೆಯಿಂದ ಬರುವ ಸಭೆಯೂ ನಿಮ್ಮ ಪಟ್ಟಿಯಲ್ಲಿದ್ದರೆ "ಬೆಳಿಗ್ಗೆ 10" ಎಂದಷ್ಟೇ ಬರೆದರೆ ಒಂದು ಕಾರಿನವರು ಆರಾಧನೆ ಮುಗಿಯುವ ಹೊತ್ತಿಗೆ ಬಂದಿಳಿಯುತ್ತಾರೆ. "10 ಗಂಟೆ, ಈಸ್ಟರ್ನ್" ಎಂದು ಬರೆಯಿರಿ.

ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಕೂಟಕ್ಕೆ ಹಿಮದ ಏರ್ಪಾಡು ಬೇಕೇ ಬೇಕು. ಇಲ್ಲಿ ಪ್ರತಿ ಕೌಂಟಿಯೂ ಪ್ರಯಾಣದ ಸ್ಥಿತಿಯನ್ನು ಮೂರು ಹಂತಗಳಲ್ಲಿ ಸಾರುತ್ತದೆ: ಹಳದಿ ಅಂದರೆ ಅಡ್ವೈಸರಿ, ಕಿತ್ತಳೆ ಅಂದರೆ ವಾಚ್, ಕೆಂಪು ಅಂದರೆ ವಾರ್ನಿಂಗ್. ಆತಿಥೇಯ ಕೌಂಟಿಯಾಗಲಿ, ಜನ ಹಾದು ಬರುವ ಕೌಂಟಿಯಾಗಲಿ ಕಿತ್ತಳೆಗೆ ಏರಿದರೆ ಕೂಟ ಮುಂದಕ್ಕೆ ಹಾಕಿ. ನಿರ್ಧಾರ ಹಿಂದಿನ ಸಂಜೆ 7 ಗಂಟೆಯೊಳಗೆ ಆಗಬೇಕು, ಬೆಳಿಗ್ಗೆ ಎದ್ದು ನೋಡೋಣ ಎಂದರೆ ದೂರದವರು ಆಗಲೇ ಹೊರಟಿರುತ್ತಾರೆ. ಬದಲಿ ದಿನವನ್ನು ಮೊದಲ ಪ್ರಕಟಣೆಯಲ್ಲೇ ಕೊಟ್ಟುಬಿಡಿ. ಪ್ರತಿ ಸಭೆಯಲ್ಲೂ ಫೋನ್ ಮಾಡಿ ಹೇಳುವ ಒಬ್ಬರನ್ನು ಹೆಸರಿಸಿ, ಇಮೇಲ್ ನೋಡದ ಹಿರಿಯರೇ ಬೆಳಗಿನ ಜಾವ ಎದ್ದು ಹೊರಡುವವರು.

ಪ್ರಕಟಣೆ

ಪ್ರತಿ ಸಭೆಯ ಸುದ್ದಿಪತ್ರಿಕೆ ತಿಂಗಳ ಆರಂಭದಲ್ಲಿ ಅಚ್ಚಾಗುತ್ತದೆ, ಅದಕ್ಕೆ ಬರಹ ಹಿಂದಿನ ತಿಂಗಳ ನಡುವೆಯೇ ತಲುಪಬೇಕು. ಅಂದರೆ ಮೇ ತಿಂಗಳ ಕೂಟದ ಮೊದಲ ಪ್ರಕಟಣೆ ಮಾರ್ಚ್ 15ರೊಳಗೆ ಹೋಗಿರಬೇಕು. ಅದರಲ್ಲಿ ದಿನ, ವಾರ, ಗಂಟೆ, ಪೂರ್ತಿ ವಿಳಾಸ, ಯಾವ ಬಾಗಿಲಿಂದ ಒಳಗೆ ಬರಬೇಕು, ಗಾಲಿಕುರ್ಚಿಗೆ ಇಳಿಜಾರು ಎಲ್ಲಿದೆ, ಊಟಕ್ಕೆ ಏನು ತರಬೇಕು, ಮಕ್ಕಳನ್ನು ನೋಡಿಕೊಳ್ಳುವವರಿದ್ದಾರೆಯೇ, ಎಷ್ಟು ಹೊತ್ತಿಗೆ ಮುಗಿಯುತ್ತದೆ, ಇಷ್ಟೂ ಇರಲಿ. ಮುಗಿಯುವ ಹೊತ್ತು ಬರೆಯದಿದ್ದರೆ ಹಾಲು ಕರೆಯುವವರು, ರಾತ್ರಿ ಕಾರು ಓಡಿಸಲಾಗದ ಹಿರಿಯರು ಬರುವ ಯೋಚನೆಯನ್ನೇ ಬಿಡುತ್ತಾರೆ.

ಯಾರನ್ನು ಕರೆಯಬೇಕು ಎನ್ನುವುದು ಇಲ್ಲಿ ಸೂಕ್ಷ್ಮ. 2013ರ ಹೊತ್ತಿಗೆ ಕೆಲವು ಸಭೆಗಳು ಇಂಡಿಯಾನಾ ಇಯರ್ಲಿ ಮೀಟಿಂಗ್‌ನಿಂದ ಹೊರಬಂದು ನ್ಯೂ ಅಸೋಸಿಯೇಷನ್ ಆಫ್ ಫ್ರೆಂಡ್ಸ್ ಕಟ್ಟಿಕೊಂಡವು. ಒಂದೇ ಕುಟುಂಬದವರು ಎರಡೂ ಕಡೆ ಇದ್ದಾರೆ. ಆಡಳಿತ ಸಭೆ ಅವರವರದೇ ಆಗಲಿ, ಊಟಕ್ಕೆ ಮತ್ತು ಸೇವಾಕಾರ್ಯಕ್ಕೆ ಇಬ್ಬರನ್ನೂ ಕರೆಯಿರಿ. ಕರೆಯುವ ಮೊದಲು ಸಭೆ ನಡೆಸಿಕೊಡುವ ನಿಮ್ಮ ಕ್ಲರ್ಕ್‌ಗೆ ಒಂದು ಮಾತು ತಿಳಿಸಿ, ಕೊನೆಗಳಿಗೆಯಲ್ಲಿ ಅವರಿಗೆ ಇರುಸುಮುರುಸಾಗಬಾರದು.

ಕಾಯಿಲೆಯವರಿಗಾಗಿ ಪ್ರಾರ್ಥಿಸುವುದನ್ನು ಕ್ವೇಕರರು "ಬೆಳಕಿನಲ್ಲಿ ಹಿಡಿಯುವುದು" ಎನ್ನುತ್ತಾರೆ. ಆ ಪಟ್ಟಿ ಪ್ರಕಟಣೆಯ ಜೊತೆಗೆ ಹೋಗುವುದಾದರೆ ಕಾಯಿಲೆಯ ವಿವರ ಬೇಡ, ಹೆಸರಿಗೂ ಅವರ ಒಪ್ಪಿಗೆ ಬೇಕು. ಒಂದೂರಿನಲ್ಲಿ ಪ್ರೀತಿಯಿಂದ ಹೇಳಿಕೊಂಡದ್ದು ಏಳೂರಿನ ಇಮೇಲ್‌ಗೆ ಹೋದಾಗ ನೋವಾಗುತ್ತದೆ.

ದಿನದ ಓಟ

ಬೆಳಿಗ್ಗೆ 9:30ಕ್ಕೆ ಕಾಫಿ, 10ಕ್ಕೆ ಆರಾಧನೆ, 11:15ರಿಂದ 12:30ರವರೆಗೆ ಆಡಳಿತ ಸಭೆ, ಆಮೇಲೆ ಊಟ, 1:45ಕ್ಕೆ ಕೈಕೆಲಸ ಇಲ್ಲವೇ ಪ್ರವಾಸ, 3:30ಕ್ಕೆ ಮುಕ್ತಾಯ. ಇದರ ಮೇಲೆ ಅತಿಥಿ ಭಾಷಣ, ಗಾಯನ, ರಸಪ್ರಶ್ನೆ ಎಂದು ಸೇರಿಸಬೇಡಿ.

ಕ್ವೇಕರರೆಂದರೆ ಮೌನವಾಗಿ ಕೂರುವವರು ಎಂದು ಓದಿಕೊಂಡು ಬಂದವರಿಗೆ ಇಂಡಿಯಾನಾದ ಫ್ರೆಂಡ್ಸ್ ಚರ್ಚ್ ಅಚ್ಚರಿ ತರಬಹುದು. 1870ರ ದಶಕದ ಭಕ್ತಿಜಾಗೃತಿಯ ನಂತರ ಇಲ್ಲಿ ಪಾಸ್ಟರ್, ಪಿಯಾನೊ, ಕೀರ್ತನೆ, ಸಂದೇಶ ಎಲ್ಲವೂ ಬಂದವು. ಆದರೂ ನಡುವೆ ಓಪನ್ ವರ್ಷಿಪ್ ಎಂಬ ಮೌನದ ಹೊತ್ತು ಉಳಿದುಕೊಂಡಿದೆ. ಪ್ರೇರಣೆಯಾದವರು ಕೂತಲ್ಲಿಂದಲೇ ಎದ್ದು ನಾಲ್ಕು ಮಾತಾಡುತ್ತಾರೆ, ಇಲ್ಲದಿದ್ದರೆ ಎಲ್ಲರೂ ಸುಮ್ಮನಿರುತ್ತಾರೆ. ಕಾರ್ಯಕ್ರಮ ತಡವಾದಾಗ ಮೊದಲು ಕತ್ತರಿ ಬೀಳುವುದು ಈ ಮೌನಕ್ಕೇ, ಹಾಗಾಗಲು ಬಿಡಬೇಡಿ. ಒಂದು ಗಂಟೆಯ ಆರಾಧನೆಯಲ್ಲಿ 20 ನಿಮಿಷ ಅದಕ್ಕೆಂದೇ ಮೀಸಲಿಡಿ. ಐದು ನಿಮಿಷದ ಮೌನದಲ್ಲಿ ಜನ ಕೆಮ್ಮಿ, ಕುರ್ಚಿ ಸರಿಸಿ, ಕೂತು ನೆಲೆಯಾಗುವಷ್ಟರಲ್ಲಿ ಮುಗಿದಿರುತ್ತದೆ. ಸಂದೇಶ ಕೊಡುವವರಿಗೆ 15 ನಿಮಿಷ ಎಂದು ಪತ್ರದಲ್ಲೇ ಬರೆದು ತಿಳಿಸಿ, ಎರಡು ಕೀರ್ತನೆ ಸಾಕು.

ಮೌನವನ್ನು ಮುಗಿಸುವವರು ಯಾರೆಂದು ಮೊದಲೇ ಗೊತ್ತಿರಲಿ. ಅವರು ಪಕ್ಕದವರ ಕೈಕುಲುಕಿದರೆ ಆರಾಧನೆ ಮುಗಿದಂತೆ. ಇಬ್ಬರಿಗೂ ಹೇಳಿಟ್ಟು, ಇವರು ಮಾಡುತ್ತಾರೆಂದು ಅವರು, ಅವರು ಮಾಡುತ್ತಾರೆಂದು ಇವರು ಕಾಯುತ್ತ ಕೂರುವುದು ಆಗಾಗ ಕಾಣುವ ತೊಡಕು. ಬಾಗಿಲ ಬಳಿ ಒಬ್ಬರಿರಲಿ, ತಡವಾಗಿ ಬಂದವರನ್ನು ಹಿಂದಿನ ಬೆಂಚಿಗೆ ಕೂರಿಸಲು. ಆ ಎರಡು ಬೆಂಚುಗಳನ್ನು ಖಾಲಿ ಬಿಡಿಸಿ.

ಕೂತಲ್ಲಿಂದ ಮಾತಾಡುವ ಹಿರಿಯರ ದನಿ ಹಿಂದಿನವರಿಗೆ ಕೇಳದು. ಮೈಕ್ ಹಿಡಿದು ಓಡುವವರನ್ನು ನಿಲ್ಲಿಸಿದರೆ ಮೌನ ಕಲಕುತ್ತದೆ. ಬದಲಿಗೆ ಕುರ್ಚಿಗಳನ್ನು ಕುದುರೆ ಲಾಳದ ಆಕಾರದಲ್ಲಿ ಹಾಕಿ, ಕಿವಿ ಮಂದವಾದವರಿಗೆ ನಡುವಿನ ಸಾಲು ಕೊಡಿ. ಜೂಮ್‌ನಲ್ಲಿ ಸೇರುವವರಿದ್ದರೆ ಒರಿಜಿನಲ್ ಸೌಂಡ್ ಎಂಬ ಆಯ್ಕೆಯನ್ನು ಆನ್ ಮಾಡಿಡಿ. ಮಾಡದಿದ್ದರೆ ಅದರ ಗದ್ದಲ ತಡೆಯುವ ವ್ಯವಸ್ಥೆ ಮೆಲುದನಿಯ ಮಾತನ್ನೂ ಗದ್ದಲವೆಂದುಕೊಂಡು ಕತ್ತರಿಸುತ್ತದೆ.

ಕರ್ನಾಟಕದ ಸಿಎಸ್‌ಐ ಅಥವಾ ಕ್ಯಾಥೊಲಿಕ್ ಹಿನ್ನೆಲೆಯಿಂದ ಬಂದವರಿಗೆ ಒಂದು ಸೂಚನೆ: ಇಲ್ಲಿ ನೀರಿನ ದೀಕ್ಷಾಸ್ನಾನವಾಗಲಿ, ರೊಟ್ಟಿ ದ್ರಾಕ್ಷಾರಸದ ಕರ್ತನ ಭೋಜನವಾಗಲಿ ವಾಡಿಕೆಯಲ್ಲಿಲ್ಲ. ಅದು ಒಳಗೆ, ಆತ್ಮದಲ್ಲಿ ನಡೆಯುವಂಥದ್ದು ಎನ್ನುವುದು ಕ್ವೇಕರರ ನಂಬಿಕೆ. ಮರೆತಿದ್ದಾರೆಂದುಕೊಂಡು ಏರ್ಪಾಡು ಮಾಡಲು ಹೋಗಬೇಡಿ.

ಆಡಳಿತ ಸಭೆ

ಇಲ್ಲಿ ಮತ ಎಣಿಸುವುದಿಲ್ಲ. ಕ್ಲರ್ಕ್ ಎಲ್ಲರ ಮಾತು ಕೇಳಿ, ಸಭೆ ಯಾವ ಕಡೆ ಒಲಿದಿದೆ ಎಂದು ಗ್ರಹಿಸಿ, ಅದನ್ನು ಮಾತಿನಲ್ಲಿ ಇಡುತ್ತಾರೆ. ರೆಕಾರ್ಡಿಂಗ್ ಕ್ಲರ್ಕ್ ಅಲ್ಲೇ ಬರೆದು, ಅಲ್ಲೇ ಓದುತ್ತಾರೆ. ಜನ "ಒಪ್ಪಿಗೆ" ಎಂದರೆ ಅದು ಮಿನಿಟ್, ಅಂದರೆ ಸಭೆಯ ಲಿಖಿತ ನಿರ್ಣಯವಾಗಿ ನಿಲ್ಲುತ್ತದೆ. ಒಪ್ಪದವರು ಎರಡು ಬಗೆ. ತನಗೆ ಮನಸ್ಸಿಲ್ಲದಿದ್ದರೂ ಸಭೆಯನ್ನು ತಡೆಯುವುದಿಲ್ಲ ಎನ್ನುವವರು ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಇದು ಸರಿಯಲ್ಲ ಎಂದು ಅಂತಃಕರಣ ಹೇಳುತ್ತಿದೆ ಎನ್ನುವವರು ಇದ್ದರೆ ವಿಷಯ ಮುಂದಿನ ಕೂಟಕ್ಕೆ ಹೋಗುತ್ತದೆ.

75 ನಿಮಿಷಕ್ಕೆ ಒಂದು ಭಾರವಾದ ವಿಷಯ, ಮೂರು ನಾಲ್ಕು ಹಗುರವಾದವು. ಇದಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಭಾರದ್ದನ್ನು ಎರಡನೆಯದಾಗಿ ಇಡಿ: ಮೊದಲ ಹಗುರ ವಿಷಯದಲ್ಲಿ ಸಭೆ ಒಟ್ಟಿಗೆ ಉಸಿರಾಡಲು ಕಲಿಯುತ್ತದೆ, ಕೊನೆಗೆ ಇಟ್ಟರೆ ಅಡುಗೆಮನೆಯಿಂದ ಕೋಳಿ ಸಾರಿನ ಘಮ ಬರುವ ಹೊತ್ತಿಗೆ ಎಲ್ಲರೂ ಏನಕ್ಕಾದರೂ ಒಪ್ಪಿಬಿಡುತ್ತಾರೆ. ಹಾಗೆ ಒಪ್ಪಿದ್ದು ಮುಂದಿನ ಕೂಟದಲ್ಲಿ ಮತ್ತೆ ತಲೆ ಎತ್ತುತ್ತದೆ. ಮೊದಲ ಸಲ ಕೇಳಿದ ದಿನವೇ ದೊಡ್ಡ ವಿಷಯ ತೀರ್ಮಾನಿಸಬಾರದು ಎನ್ನುವ ಹಳೆಯ ರೂಢಿ ಒಳ್ಳೆಯದು, ಉಳಿಸಿಕೊಳ್ಳಿ. ವರದಿಗಳು ಎರಡು ವಾರ ಮೊದಲೇ ಎಲ್ಲ ಸಭೆಗಳಿಗೂ ತಲುಪಲಿ, ಕೂಟದಲ್ಲಿ ಅವನ್ನು ಓದಿ ಹೇಳುವುದು ಬೇಡ, ಪ್ರಶ್ನೆಗಳಿದ್ದರೆ ಸಾಕು.

ಮಿನಿಟ್ ಬರೆಯುವ ಕೆಲಸ ನಿಮ್ಮ ಪಾಲಿಗೆ ಬಂದರೆ, ಯಾರು ಏನು ಹೇಳಿದರೆಂದು ಬರೆಯಬೇಡಿ. "ಶಿಬಿರದ ವೆಚ್ಚದ ಬಗ್ಗೆ ದೀರ್ಘ ಚರ್ಚೆ ನಡೆಯಿತು, ಹಲವರು ತಮ್ಮ ಅಭಿಪ್ರಾಯ ತಿಳಿಸಿದರು" ಎಂಬ ಮಿನಿಟ್‌ನಿಂದ ಯಾರಿಗೂ ಪ್ರಯೋಜನವಿಲ್ಲ. "ಬೇಸಿಗೆ ಶಿಬಿರಕ್ಕೆ ಹೋಗುವ ಪ್ರತಿ ಮಗುವಿಗೆ 75 ಡಾಲರ್ ಕೊಡಲು ಸಭೆ ಒಪ್ಪಿದೆ. ಖಜಾಂಚಿ ಜೂನ್ 1ರೊಳಗೆ ಕಳುಹಿಸುತ್ತಾರೆ" ಎಂದು ಬರೆಯಿರಿ. ಏನು, ಎಷ್ಟು, ಯಾರು, ಯಾವಾಗ. ಬರೆಯಲು ಐದು ನಿಮಿಷ ಬೇಕೆಂದರೆ ಕ್ಲರ್ಕ್ ಸಭೆಯನ್ನು ಮೌನಕ್ಕೆ ಕರೆಯುತ್ತಾರೆ, ಗಾಬರಿಯಾಗಬೇಡಿ. ಮನೆಗೆ ಹೋಗಿ ಬರೆಯುತ್ತೇನೆ ಎಂದರೆ ಮಾತ್ರ ಕೆಟ್ಟಿತು, ವಾರ ಕಳೆಯುವಷ್ಟರಲ್ಲಿ ಒಬ್ಬೊಬ್ಬರ ನೆನಪು ಒಂದೊಂದು ದಾರಿ ಹಿಡಿದಿರುತ್ತದೆ.

ಮಾತು ಬಿಸಿಯೇರಿದಾಗ ಒಬ್ಬರ ಬಾಯಿ ಮುಚ್ಚುವ ಮೊದಲೇ ಇನ್ನೊಬ್ಬರು ಶುರು ಮಾಡುತ್ತಾರೆ. ಯಾರು ಬೇಕಾದರೂ "ಸ್ವಲ್ಪ ಹೊತ್ತು ಸುಮ್ಮನಿರೋಣ" ಎಂದು ಕ್ಲರ್ಕ್‌ನ್ನು ಕೇಳಬಹುದು, ಹೊಸಬರೂ ಕೇಳಬಹುದು. ಕ್ಲರ್ಕ್‌ಗೇ ಆ ವಿಷಯದಲ್ಲಿ ಗಟ್ಟಿ ಅಭಿಪ್ರಾಯವಿದ್ದರೆ ಆ ಹೊತ್ತಿಗೆ ಮೇಜು ಇನ್ನೊಬ್ಬರಿಗೆ ಬಿಟ್ಟುಕೊಡುವುದು ಮರ್ಯಾದೆ. 12:30 ಆಯಿತೆಂದರೆ ನಿಲ್ಲಿಸಿ. ಉಳಿದದ್ದು ಊಟದ ನಂತರ ಇಲ್ಲವೇ ಮುಂದಿನ ಕೂಟಕ್ಕೆ.

ಊಟ

ಕೂಟಕ್ಕೆ ಜನ ಬರುವುದು, ಬಂದವರು ಮತ್ತೆ ಬರುವುದು ಊಟದ ಮೇಜಿನಿಂದ. ಇಂಡಿಯಾನಾದಲ್ಲಿ ಇದಕ್ಕೆ ಕ್ಯಾರಿ ಇನ್ ಎನ್ನುತ್ತಾರೆ, ಕೆಲವು ಕಡೆ ಪಿಚ್ ಇನ್. ಪ್ರತಿ ಮನೆಯವರೂ ಎಂಟು ಹತ್ತು ಜನಕ್ಕಾಗುವ ಒಂದು ಪದಾರ್ಥ ತರುತ್ತಾರೆ. ಸುಮ್ಮನೆ "ಏನಾದರೂ ತನ್ನಿ" ಎಂದರೆ ಹದಿನಾಲ್ಕು ಪೈ, ಎರಡು ಪಲ್ಯ ಬರುತ್ತವೆ. ಕುಟುಂಬದ ಹೆಸರಿನ ಮೊದಲ ಅಕ್ಷರದಂತೆ ಹಂಚಿ: ಎ ಇಂದ ಎಚ್‌ವರೆಗೆ ಮುಖ್ಯ ಪದಾರ್ಥ, ಐ ಇಂದ ಪಿವರೆಗೆ ತರಕಾರಿ ಅಥವಾ ಸಲಾಡ್, ಉಳಿದವರು ಸಿಹಿ.

ಆತಿಥೇಯ ಸಭೆ ಒಂದು ದೊಡ್ಡ ಪದಾರ್ಥ, ಬ್ರೆಡ್, ಕಾಫಿ, ನೀರು ಒದಗಿಸಬೇಕು. ಇಲ್ಲಿ ಎಲ್ಲರೂ ನಿರೀಕ್ಷಿಸುವುದು ಆಲೂಗಡ್ಡೆ ಮುದ್ದೆಯ ಮೇಲೆ ಸುರಿಯುವ ಚಿಕನ್ ನೂಡಲ್ಸ್. 60 ಜನಕ್ಕೆ ಒಣ ಮೊಟ್ಟೆ ನೂಡಲ್ಸ್ 4 ಪೌಂಡ್, ಮೂಳೆ ತೆಗೆದ ಬೆಂದ ಕೋಳಿ 6 ಪೌಂಡ್, ಆಲೂಗಡ್ಡೆ 20 ಪೌಂಡ್ ಸಾಕು. ಮನೆಗಳಿಂದ ಬಂದದ್ದೂ ಇರುತ್ತದಲ್ಲ. 18 ಕ್ವಾರ್ಟ್‌ನ ವಿದ್ಯುತ್ತಿನಿಂದ ಕಾಯುವ ಎರಡು ರೋಸ್ಟರ್‌ಗಳಿಗೆ ಹಂಚಿ ಮಾಡಿ. ನೂಡಲ್ಸ್ ನಿಂತಷ್ಟೂ ಸಾರು ಹೀರಿ ಗಟ್ಟಿ ಗಂಟಾಗುತ್ತದೆ, ಆದ್ದರಿಂದ ಒಂದು ಗ್ಯಾಲನ್ ಕುದಿವ ಸಾರು ಬೇರೆ ಇಟ್ಟುಕೊಂಡು ಬಡಿಸುವ ಮುಂಚೆ ಸೇರಿಸಿ.

ವಿದ್ಯುತ್ತಿನ ಲೆಕ್ಕ ಮಾಡದೆ ಊಟ ತಣ್ಣಗಾದ ಕೂಟಗಳು ಬೇಕಾದಷ್ಟಿವೆ. ಹಳೆಯ ಕಟ್ಟಡದ ಊಟದ ಹಾಲ್‌ನಲ್ಲಿ ಒಂದೊಂದು ಸರ್ಕೀಟ್ ಸಾಮಾನ್ಯವಾಗಿ 15 ಆಂಪ್, ಅಂದರೆ 120 ವೋಲ್ಟ್‌ಗೆ 1800 ವಾಟ್, ಬಹಳ ಹೊತ್ತು ಉರಿಸುವುದಾದರೆ ಸುಮಾರು 1440 ವಾಟ್ ದಾಟಬಾರದು. ಒಂದು ರೋಸ್ಟರ್ ಒಂದೇ ಅಷ್ಟನ್ನು ಎಳೆಯುತ್ತದೆ, ಕಾಫಿ ಕಾಯಿಸುವ ದೊಡ್ಡ ಪಾತ್ರೆ, ಅಂದರೆ ಅರ್ನ್ ಕೂಡ. ಇವಕ್ಕೆ ಒಂದೊಂದಕ್ಕೂ ಪ್ರತ್ಯೇಕ ಸರ್ಕೀಟ್ ಬೇಕು. ಸ್ಲೋ ಕುಕ್ಕರ್ 200ರಿಂದ 300 ವಾಟ್ ಎಳೆಯುತ್ತದೆ, ಒಂದು ಸರ್ಕೀಟ್‌ಗೆ ನಾಲ್ಕರ ಮೇಲೆ ಬೇಡ. ಪಕ್ಕಪಕ್ಕದ ಎರಡು ಪ್ಲಗ್ ಒಂದೇ ಸರ್ಕೀಟ್‌ನದಾಗಿರುವುದೇ ಹೆಚ್ಚು. ಹಿಂದಿನ ದಿನ ಒಂದೊಂದೇ ಬ್ರೇಕರ್ ಆರಿಸಿ, ಯಾವ ಪ್ಲಗ್ ಯಾವುದಕ್ಕೆ ಸೇರಿದೆ ನೋಡಿ, ಬಣ್ಣದ ಟೇಪ್ ಅಂಟಿಸಿ. ಅರ್ಧ ಗಂಟೆಯ ಕೆಲಸ.

60 ಕಪ್‌ನ ಅರ್ನ್‌ಗೆ ಸುಮಾರು 4 ಕಪ್ ಕಾಫಿಪುಡಿ ಬೇಕು, ತಣ್ಣೀರಿನಿಂದ ಶುರುಮಾಡಿದರೆ ಒಂದು ಗಂಟೆ ಹಿಡಿಯುತ್ತದೆ. 9:30ಕ್ಕೆ ಕಾಫಿ ಎಂದರೆ 8:15ಕ್ಕೇ ಹಚ್ಚಿ.

ಬಿಸಿಯದ್ದು 140 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 60 ಸೆಲ್ಸಿಯಸ್‌ಗಿಂತ ಮೇಲೇ ಇರಬೇಕು, ತಣ್ಣನೆಯದು 40 ಫ್ಯಾರನ್‌ಹೀಟ್‌ಗಿಂತ ಕೆಳಗೆ. ನಡುವೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇದ್ದದ್ದನ್ನು ಬಿಸಾಡಿ, ಬೇಸಿಗೆಯಲ್ಲಿ 90 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಆರಾಧನೆಯ ಹೊತ್ತಿನಲ್ಲಿ ಮೇಜಿನ ಮೇಲೆ ಸುಮ್ಮನೆ ಕೂತ ಪಾತ್ರೆಗಳದ್ದೇ ಅಪಾಯ. ಬಂದವರ ಕೈಯಿಂದ ಪಾತ್ರೆ ಇಸಿದುಕೊಂಡು ಓವನ್‌ಗೋ ಫ್ರಿಜ್‌ಗೋ ಸೇರಿಸಲು 9:30ರಿಂದಲೇ ಒಬ್ಬರು ಅಡುಗೆಮನೆಯಲ್ಲಿರಲಿ. ಸ್ಲೋ ಕುಕ್ಕರ್ ಬಿಸಿಯಾದದ್ದನ್ನು ಬಿಸಿಯಾಗಿಡುತ್ತದೆ ಅಷ್ಟೆ. ತಣ್ಣಗಿದ್ದದ್ದನ್ನು ಬೇಗ ಬಿಸಿ ಮಾಡುವ ಶಕ್ತಿ ಅದಕ್ಕಿಲ್ಲ.

ಸಸ್ಯಾಹಾರಿಗಳು ಎಚ್ಚರದಿಂದ ಬಡಿಸಿಕೊಳ್ಳಬೇಕು. ಇಲ್ಲಿನ ಹುರುಳಿಕಾಯಿ ಪಲ್ಯಕ್ಕೆ ಬೇಕನ್ ಅಥವಾ ಹ್ಯಾಮ್ ಬಿದ್ದಿರುತ್ತದೆ, ಬೇಯಿಸಿದ ಬೀನ್ಸ್‌ಗೆ ಹಂದಿ ಮಾಂಸ. ಬಣ್ಣಬಣ್ಣದ ಜೆಲ್ಲಿ ಸಲಾಡ್ ಮತ್ತು ಮಾರ್ಷ್‌ಮ್ಯಾಲೋಗಳಲ್ಲಿ ಪ್ರಾಣಿಜನ್ಯ ಜೆಲಾಟಿನ್. ಪೈ ಹೊದಿಕೆಗೆ ಹಂದಿ ಕೊಬ್ಬು ಹಾಕುವವರು ಇನ್ನೂ ಇದ್ದಾರೆ. ತಂದವರು ಮುಚ್ಚಿಡುತ್ತಿಲ್ಲ, ಅದು ಅವರ ಲೆಕ್ಕದಲ್ಲಿ ಮಾಂಸವೇ ಅಲ್ಲ. ಪ್ರತಿ ಪಾತ್ರೆಗೂ ಒಂದು ಚೀಟಿ ಕೊಟ್ಟು ಹೆಸರು, ಮಾಂಸ, ಜೆಲಾಟಿನ್, ಗೋಧಿ, ಹಾಲು, ಬೀಜಗಳು ಎಂದು ಗುರುತು ಹಾಕಿಸಿದರೆ ಎಲ್ಲರಿಗೂ ನೆಮ್ಮದಿ.

ಅದೇ ಚೀಟಿ ನಮ್ಮ ಅಡುಗೆಗೂ ಬೇಕು. ಚಿತ್ರಾನ್ನ ಒಯ್ಯುವುದಾದರೆ ಕಡಲೆಕಾಯಿ ಬೀಜ ಬಿಟ್ಟುಬಿಡಿ. ಇಲ್ಲಿ ಆ ಅಲರ್ಜಿ ಇರುವ ಮಕ್ಕಳು ಇರುತ್ತಾರೆ, ಒಂದೇ ಸೌಟು ಎರಡು ಪಾತ್ರೆಗೆ ಬಿದ್ದರೂ ಅಪಾಯ. ಅಂಗಡಿಯ ಹಿಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ, ಹಾಗಾಗಿ ಅನ್ನದ ಪದಾರ್ಥ ಎಂದ ಮಾತ್ರಕ್ಕೆ ಗೋಧಿ ಇಲ್ಲ ಎಂದು ಬರೆಯಬೇಡಿ. ಬೆಂದ ಅನ್ನ ಗಂಟೆಗಟ್ಟಲೆ ಉಗುರುಬೆಚ್ಚಗೆ ಕೂತರೆ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಆಮೇಲೆ ಬಿಸಿ ಮಾಡಿದರೂ ಅದರ ವಿಷ ಹೋಗುವುದಿಲ್ಲ. ದೂರದಿಂದ ಬರುವವರಿಗೆ ಕೋಸಂಬರಿ ಮೇಲು: ಹೆಸರುಬೇಳೆ, ಸೌತೆಕಾಯಿ, ತೆಂಗಿನ ತುರಿ ಬೇರೆ ಬೇರೆ ಡಬ್ಬಿಯಲ್ಲಿ ಐಸ್ ಮೇಲೆ ತಂದು, ಉಪ್ಪು ನಿಂಬೆಹಣ್ಣನ್ನು ಬಡಿಸುವಾಗ ಹಾಕಿ. ಮೊದಲೇ ಉಪ್ಪು ಬಿದ್ದರೆ ನೀರು ಬಿಟ್ಟು ಸೊರಗುತ್ತದೆ. ಹಸಿಮೆಣಸಿನಕಾಯಿ ಬೇರೆ ಬಟ್ಟಲಲ್ಲಿರಲಿ.

ಮೇಜನ್ನು ಗೋಡೆಯಿಂದ ಎಳೆದು ಎರಡೂ ಬದಿಯಿಂದ ಬಡಿಸಿಕೊಳ್ಳುವಂತೆ ಹಾಕಿ, ಸಾಲು ಅರ್ಧಕ್ಕಿಳಿಯುತ್ತದೆ. ಹಿರಿಯರು, ಪುಟ್ಟ ಮಕ್ಕಳ ತಾಯಂದಿರು ಮೊದಲು. ಊಟಕ್ಕೆ ಮುಂಚೆ ಕೈಕೈ ಹಿಡಿದು ಒಂದು ನಿಮಿಷ ಮೌನ, ಅದೇ ಪ್ರಾರ್ಥನೆ. ಕೂರುವ ಮೇಜುಗಳಲ್ಲಿ ಒಂದೂರಿನವರೇ ಗುಂಪಾಗುವುದನ್ನು ತಪ್ಪಿಸಬೇಕೆಂದಿದ್ದರೆ ಚೀಟಿ ಎತ್ತಿಸಬೇಡಿ, ಹಿರಿಯರಿಗೆ ಮುಜುಗರ. ಆತಿಥೇಯ ಸಭೆಯವರೇ ಪ್ರತಿ ಮೇಜಿಗೆ ಇಬ್ಬರಂತೆ ಹಂಚಿ ಕೂತರೆ ಮಾತು ತಾನಾಗಿ ಬೆರೆಯುತ್ತದೆ. ಭಾರತದವರು ಬಂದಿದ್ದಾರೆಂದು ಊಟದ ನಡುವೆ ಎಬ್ಬಿಸಿ "ನಿಮ್ಮ ದೇಶದ ಬಗ್ಗೆ ಎರಡು ಮಾತು" ಎನ್ನುವುದೂ ಬೇಡ. ಬೇಕಿದ್ದರೆ ವಾರದ ಮೊದಲೇ ಕೇಳಿ. ಹೇಳಲು ವಿಷಯವೇನೋ ಇದೆ: ಪಕ್ಕದ ಓಹಾಯೋದ ಕ್ವೇಕರರಾದ ಡೆಲಿಯಾ ಫಿಸ್ಲರ್, ಎಸ್ತರ್ ಬೇರ್ಡ್ 1892ರಲ್ಲಿ ಭಾರತಕ್ಕೆ ಬಂದರು, ಅವರು ಬುಂದೇಲಖಂಡದಲ್ಲಿ ಊರಿದ ಸಭೆಗಳು ಬೆಳೆದವು. ಹೋಶಂಗಾಬಾದ್ ಕಡೆ ಇಂಗ್ಲೆಂಡಿನ ಕ್ವೇಕರರು ಅದಕ್ಕೂ ಮೊದಲೇ ನೆಲೆಸಿದ್ದರು.

ಮಧ್ಯಾಹ್ನದ ಕೆಲಸ

ಕೈಗೆ ಕೆಲಸವಿದ್ದರೆ ಅಪರಿಚಿತರೂ ಮಾತಾಡುತ್ತಾರೆ, ಹಾಗಾಗಿ ಕಂಫರ್ಟರ್ ಕಟ್ಟುವುದಕ್ಕೆ ನಮ್ಮ ಮೊದಲ ಮತ. ಇದು ನಿರಾಶ್ರಿತರಿಗೆ ಕಳುಹಿಸುವ ದಪ್ಪ ಹೊದಿಕೆ. ನಮ್ಮ ಕೌದಿಯಂತೆ ಉದ್ದಕ್ಕೂ ಹೊಲಿಯದೆ, ಅಲ್ಲಲ್ಲಿ ದಾರದ ಗಂಟು ಹಾಕಿ ಮೂರು ಪದರಗಳನ್ನು ಹಿಡಿದಿಡುತ್ತಾರೆ. ಮೆನೊನೈಟ್ ಸೆಂಟ್ರಲ್ ಕಮಿಟಿಯಂಥ ಪರಿಹಾರ ಸಂಸ್ಥೆಗಳು ಇವನ್ನು ಸ್ವೀಕರಿಸುತ್ತವೆ. 60ಕ್ಕೆ 80 ಇಂಚು ರೂಢಿಯ ಅಳತೆ, ಆದರೂ ಬಟ್ಟೆ ಕತ್ತರಿಸುವ ಮುಂಚೆ ಸ್ವೀಕರಿಸುವವರ ಈಗಿನ ಸೂಚನೆ ಓದಿಕೊಳ್ಳಿ.

ಎಂಟು ಅಡಿಯ ನಾಲ್ಕು ಪಟ್ಟಿಗಳನ್ನು ಮೂಲೆಗಳಲ್ಲಿ ಸಿ ಕ್ಲ್ಯಾಂಪ್‌ನಿಂದ ಬಿಗಿದು ನಾಲ್ಕು ಕುರ್ಚಿಗಳ ಬೆನ್ನಿನ ಮೇಲೆ ಇಟ್ಟರೆ ಚೌಕಟ್ಟು ಸಿದ್ಧ. ಹಿಂಬದಿಯ ಬಟ್ಟೆಯನ್ನು ಮೊದಲು ಎಳೆದು ಪಿನ್ ಮಾಡಿ, ಅದರ ಮೇಲೆ ಪಾಲಿಯೆಸ್ಟರ್ ಹತ್ತಿಯ ಪದರ, ಮೇಲೆ ತುಂಡುಬಟ್ಟೆ ಜೋಡಿಸಿ ಹೊಲಿದ ಮುಂಬದಿ. ಹಿಂಬದಿ ಸಡಿಲವಾಗಿದ್ದರೆ ಕೊನೆಗೆ ನೆರಿಗೆ ಏಳುತ್ತದೆ, ಅದನ್ನು ಸರಿಪಡಿಸಲು ಎಲ್ಲ ಗಂಟೂ ಬಿಚ್ಚಬೇಕು. 5 ಇಂಚಿಗೊಂದರಂತೆ ಗುರುತು ಮಾಡಿದರೆ ಸುಮಾರು 165 ಗಂಟುಗಳಾಗುತ್ತವೆ. ಎಂಟು ಜನ ಸುತ್ತ ಕೂತರೆ ಒಬ್ಬರಿಗೆ ಇಪ್ಪತ್ತು ಚಿಲ್ಲರೆ, ಬಿಗಿಯುವುದೂ ಸೇರಿ ಒಂದೂವರೆ ಗಂಟೆ.

ಗಂಟು ಹೀಗೆ: ಸೂಜಿ ಮೂರೂ ಪದರ ದಾಟಿ ಕೆಳಗೆ ಹೋಗಲಿ, ಕಾಲು ಇಂಚು ಪಕ್ಕದಲ್ಲಿ ಮೇಲೆ ಬರಲಿ. ಗಂಟು ಹಾಕಲು ಸಾಕಷ್ಟು ತುದಿ ಬಿಟ್ಟು ದಾರ ಕತ್ತರಿಸಿ. ಬಲದ್ದನ್ನು ಎಡದ ಮೇಲೆ ತಂದು ಒಂದು ಸುತ್ತು, ಮತ್ತೆ ಎಡದ್ದನ್ನು ಬಲದ ಮೇಲೆ ತಂದು ಒಂದು ಸುತ್ತು, ಎಳೆಯಿರಿ. ಎರಡು ಸಲವೂ ಒಂದೇ ದಿಕ್ಕಿಗೆ ಸುತ್ತಿದರೆ ಗಂಟು ಓರೆಯಾಗಿ ನಿಲ್ಲುತ್ತದೆ, ಒಗೆದಾಗ ಬಿಚ್ಚಿಕೊಳ್ಳುತ್ತದೆ. ದಾರ 10ನೇ ನಂಬರಿನ ಹತ್ತಿ ಕ್ರೋಶೆ ದಾರ ಇರಲಿ. ಸ್ವೆಟರಿನ ಅಕ್ರಿಲಿಕ್ ಉಲ್ಲನ್ ಜಾರುತ್ತದೆ. ಅಂಚು ಹೊಲಿಯುವುದನ್ನು ಯಂತ್ರವಿರುವವರು ಮನೆಗೆ ಒಯ್ಯಲಿ.

ಪ್ರವಾಸ ಬೇಕೆನ್ನುವವರಿಗೆ ರಿಚ್ಮಂಡ್‌ನಿಂದ ಉತ್ತರಕ್ಕೆ 27ನೇ ಹೆದ್ದಾರಿಯಲ್ಲಿ ಫೌಂಟನ್ ಸಿಟಿ ಇದೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರಿಗೆ ಆಸರೆ ಕೊಟ್ಟ ಲೆವಿ ಮತ್ತು ಕ್ಯಾಥರಿನ್ ಕಾಫಿನ್ ದಂಪತಿಯ 1839ರ ಮನೆ ಅಲ್ಲಿ ಈಗ ಸರ್ಕಾರಿ ಸ್ಮಾರಕ. ಗುಂಪಾಗಿ ಹೋಗುವುದಾದರೆ ಮುಂಗಡ ಕಾಯ್ದಿರಿಸಿ. ಹೋಗುವ ಮೊದಲು ಹತ್ತು ನಿಮಿಷ ಇತಿಹಾಸ ಹೇಳುವವರು ಪೂರ್ತಿ ಹೇಳಲಿ: ಗುಲಾಮಗಿರಿಯ ವಿರುದ್ಧ ಎಷ್ಟು ಮುಂದೆ ಹೋಗಬೇಕು ಎಂಬ ಪ್ರಶ್ನೆಗೆ ಇಂಡಿಯಾನಾದ ಕ್ವೇಕರರೇ 1843ರಲ್ಲಿ ಒಡೆದು ಎರಡಾದರು, ಕಾಫಿನ್ ಹೊರಬಂದವರ ಜೊತೆಗಿದ್ದರು. 1880ರ ದಶಕದಲ್ಲಿ ವಾಬಾಶ್ ಬಳಿ ಕ್ವೇಕರರ ವೈಟ್ಸ್ ಇನ್‌ಸ್ಟಿಟ್ಯೂಟ್, ಮನೆಮಠದಿಂದ ದೂರ ತಂದ ಮೂಲನಿವಾಸಿ ಮಕ್ಕಳ ವಸತಿಶಾಲೆಯಾಗಿತ್ತು. ಹೆಮ್ಮೆಯ ಕಥೆಯನ್ನಷ್ಟೇ ಕೇಳಿ ಬೆಳೆದ ಮಕ್ಕಳಿಗೆ ಇದನ್ನೂ ತಿಳಿಸುವುದು ನಮ್ಮ ಹೊಣೆ.

ಮಕ್ಕಳು

ಒಂದೇ ಕುಟುಂಬಕ್ಕೆ ಸೇರದ ಇಬ್ಬರು ದೊಡ್ಡವರು ಸದಾ ಮಕ್ಕಳ ಜೊತೆ ಇರಬೇಕು, ಇಬ್ಬರದೂ ಬ್ಯಾಕ್‌ಗ್ರೌಂಡ್ ಚೆಕ್ ಆಗಿರಬೇಕು. ಅದಕ್ಕೆ ಅರ್ಜಿ ತಿಂಗಳ ಮೊದಲೇ ಹಾಕಿಸಿ, ಪರಿಚಯದವರು ತಾನೇ ಎಂದು ಬಿಡಬೇಡಿ. ಬಿಟ್ಟವರು, ಕರೆದೊಯ್ದವರು ಇಬ್ಬರೂ ಸಹಿ ಹಾಕುವ ಹಾಳೆ ಬಾಗಿಲಲ್ಲಿರಲಿ. ಬಾಗಿಲಿಗೆ ಗಾಜಿಲ್ಲದಿದ್ದರೆ ತೆರೆದೇ ಇಡಿ. ಓಪನ್ ವರ್ಷಿಪ್‌ನ ಕೊನೆಯ ಐದು ನಿಮಿಷಕ್ಕೆ ಮಕ್ಕಳನ್ನು ಒಳಗೆ ಕರೆತನ್ನಿ. ಚಿಕ್ಕವರೂ ಅಷ್ಟು ಹೊತ್ತು ಕೂರುತ್ತಾರೆ. ಡೆವರ್ಟ್ ಸರೋವರದ ದಡದ ಕ್ವೇಕರ್ ಹೇವನ್ ಶಿಬಿರಕ್ಕೆ ಕಳುಹಿಸುವ ಮನಸ್ಸಿರುವವರಿಗಾಗಿ ಆ ವರ್ಷದ ಅರ್ಜಿಗಳನ್ನು ಊಟದ ಸಾಲಿನ ಕೊನೆಯಲ್ಲಿಡಿ, ಬಾಗಿಲ ಬಳಿ ಇಟ್ಟರೆ ಯಾರೂ ನೋಡುವುದಿಲ್ಲ.

ಮುಗಿದ ಮೇಲೆ

ಮಿನಿಟ್‌ಗಳ ಪ್ರತಿ ಒಂದು ವಾರದೊಳಗೆ ಪ್ರತಿ ಸಭೆಯ ಕ್ಲರ್ಕ್‌ಗೆ ಹೋಗಬೇಕು, ಅವರ ಮುಂದಿನ ಮಂತ್ಲಿ ಮೀಟಿಂಗ್‌ನಲ್ಲಿ ಓದಲು ಸಿಗುವಂತೆ. ಖರ್ಚಿನ ರಸೀದಿಗಳು ಆ ದಿನವೇ ಖಜಾಂಚಿಯ ಕೈಗೆ. ಮುಂದಿನ ಕೂಟದ ಆತಿಥೇಯರು ಯಾರು, ಯಾವ ದಿನ ಎನ್ನುವುದನ್ನು ಜನ ಚದುರುವ ಮುಂಚೆಯೇ ಕ್ಲರ್ಕ್‌ನಿಂದ ಹೇಳಿಸಿ. ಬಣ್ಣದ ಟೇಪ್ ಅಂಟಿಸಿದ ಪ್ಲಗ್‌ಗಳನ್ನು ಹಾಗೇ ಬಿಡಿ. ಯಾರದೆಂದು ತಿಳಿಯದ ಪಾತ್ರೆ, ಸೌಟುಗಳ ಫೋಟೋ ತೆಗೆದು ಎಲ್ಲ ಸಭೆಗಳಿಗೂ ಕಳುಹಿಸಿ, ಉಳಿದದ್ದನ್ನು ಒಂದು ಪೆಟ್ಟಿಗೆಗೆ ಹಾಕಿ ಮುಂದಿನ ಕೂಟಕ್ಕೆ ಒಯ್ಯಿರಿ.